ಮೆಣಸಿನಕಾಯಿ ಚೀಲದ ಸೀಟು

ಆಗೆಲ್ಲ ಬ್ಯಾಡಗಿಗೆ ಪರಸ್ಥಳದವರು ಬಂದರೆ ಬಸ್ಸಿನಿಂದ ಇಳಿಯುವ ಮೊದಲೇ ಸೀನುತ್ತಿದ್ದರು. ನಾವು ಅವರನ್ನು ನೋಡಿ ನಗುತ್ತಿದ್ದೆವು. ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಮಾರುಕಟ್ಟೆಯ ಸುತ್ತ ಎಲ್ಲಿ ನೋಡಿದರೂ ಕೆಂಪು ರಾಶಿ, ಲಾರಿಗಳ ಗಾಲಿಗೂ ಕೆಂಪು, ಚಹಾದ ಅಂಗಡಿಯ ಬೆಂಚಿನ ಮೇಲೂ ಕೆಂಪು ಧೂಳು. ಅಲ್ಲಿ ಚಹಾ ಕುಡಿದರೆ ತುಟಿ ಚುರುಗುಟ್ಟುತ್ತಿತ್ತು. ಚಹಾದ ರುಚಿಯೇ ಹಾಗೆ ಎಂದು ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಮೂಗುಗಳು ಮಾತ್ರ ಆ ಘಾಟನ್ನು ಯಾವಾಗಲೋ ಮರೆತುಬಿಟ್ಟಿದ್ದವು. ಆ ಕಡೆ ಬೆಳೆದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ನಮ್ಮ ಊರು ಬ್ಯಾಡಗಿಯಲ್ಲ. ಕದರಮಂಡಲಗಿ ದಾಟಿ, ಡಾಂಬರು ರಸ್ತೆ ಬಿಟ್ಟು ಒಳಗೆ ಹೋಗಬೇಕಾದ ಸಣ್ಣ ಹಳ್ಳಿ. ಏಳನೇ ತರಗತಿಯವರೆಗೆ ಅಲ್ಲೇ ಶಾಲೆ. ಆಮೇಲೆ ಓದುತ್ತೇನೆ ಎಂದವರು ಬ್ಯಾಡಗಿಗೆ ಹೋಗಬೇಕು. ಅಪ್ಪ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದ. ಮೆಣಸಿನಕಾಯಿ ತುಂಬಿ, ತುಳಿದು ಗಟ್ಟಿ ಮಾಡಿದ ಗೋಣಿಚೀಲಗಳು ಒಂದರ ಹಿಂದೊಂದು ಬಂದು ಅವನ ಮುಂದೆ ನಿಲ್ಲುತ್ತಿದ್ದವು. ಅಪ್ಪ ದಬ್ಬಣಕ್ಕೆ ಸುತಳಿ ಪೋಣಿಸಿ, ಚೀಲದ ಎರಡೂ ಮೂಲೆಗೆ ಕಿವಿ ಎಬ್ಬಿಸಿ, ಬಾಯಿ ಹೊಲಿದು, ಕೊನೆಗೊಂದು ಗಂಟು ಹಾಕುತ್ತಿದ್ದ. ಅವನ ಗಂಟು ಲಾರಿಯಲ್ಲಿ ದಿಲ್ಲಿಗೆ ಹೋಗಿ ಬಂದರೂ ಬಿಚ್ಚುವುದಿಲ್ಲ ಎಂದು ಹಮಾಲರು ಹೇಳುತ್ತಿದ್ದರು.

ನಾನು ಎಂಟನೆಯದಕ್ಕೆ ಸೇರಿದಾಗ ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ ಮತ್ತು ನಾನು. ಅಪ್ಪನಿಗೆ ಮೊದಲಿನಿಂದಲೂ ಮಾತು ಕಡಿಮೆ. ಅವ್ವ ಇದ್ದಾಗ ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ದೊಡ್ಡ ಸದ್ದು. ರೊಟ್ಟಿ ನನ್ನದು, ಪಲ್ಯ ಅಪ್ಪನದು. ಊಟಕ್ಕೆ ಕೂತಾಗ ಅಪ್ಪ, "ಉಪ್ಪು ಸಾಕೇನು?" ಅನ್ನುತ್ತಿದ್ದ. ನಾನು, "ಸಾಕು," ಅನ್ನುತ್ತಿದ್ದೆ. ಎಷ್ಟೋ ದಿನ ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ಆಗುತ್ತಿರಲಿಲ್ಲ.

ಅಪ್ಪನ ಅಕ್ಕ, ನನ್ನ ಸೋದರತ್ತೆ, ರಾಣೇಬೆನ್ನೂರಿನಲ್ಲಿ ಇದ್ದಳು. ಬಟ್ಟೆ ಅಂಗಡಿಯ ಮನೆ, ತುಂಬಿದ ಸಂಸಾರ. ಆ ವರ್ಷ ದಸರೆ ಹೊತ್ತಿಗೆ ಬಂದವಳು ಅಪ್ಪನನ್ನು ಕೂರಿಸಿಕೊಂಡು ಹೇಳಿದಳು.

"ಸುಗ್ಗಿಯಾಗ ನೀ ಕತ್ತಲಾದ ಮ್ಯಾಲ ಮನೀಗಿ ಬರಾಂವ. ಬೆಳದ ಹುಡುಗಿನ್ನ ಒಬ್ಬಾಕಿನ್ನ ಹೆಂಗ ಬಿಡ್ತೀ? ನನ್ನ ಕೂಡ ಕಳಸು. ಮನ್ಯಾಗ ಒಂದು ಕೈ ಆಕ್ಕೈತಿ. ಸಾಲಿ ಕಲ್ತು ಆಕಿ ಏನು ಡೀಸಿ ಆಗೂದೈತಿ?"

ಅಪ್ಪ ನೆಲ ನೋಡುತ್ತ, "ಸರಕಾರದ್ದು ಸೈಕಲ್ ಕೊಡ್ತಾರಂತ. ಬರ್ಲಿ, ನೋಡೂಣು," ಅಂದ.

"ನೋಡು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆಕಿಗೆ ನೀಗಲಿಲ್ಲ ಅಂತ ನನ್ನ ಕಿವೀಗಿ ಬಿತ್ತಂದ್ರ, ಅವತ್ತ ಬಂದು ಕರಕೊಂಡು ಹೋಗ್ತೇನಿ."

ಅತ್ತೆ ಕೆಟ್ಟವಳಲ್ಲ. ಬರುವಾಗೆಲ್ಲ ನನಗೆ ರಿಬ್ಬನ್ನು, ಅಪ್ಪನಿಗೆ ಬನಿಯನ್ನು ತರುತ್ತಿದ್ದಳು. ಆದರೂ ಅವಳ ಮನೆಗೆ ಹೋಗುವುದೆಂದರೆ ಶಾಲೆಗೆ ಶರಣು ಹೊಡೆದು ಬಿಟ್ಟಂತೆಯೇ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಹೊರಟುಹೋದರೆ ಅಪ್ಪ ಉಪ್ಪು ಸಾಕೇನು ಎಂದು ಯಾರನ್ನು ಕೇಳಬೇಕು? ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಸೈಕಲ್ ಬಂತು. ಜೂನ್‌ನಲ್ಲಿ ಕೊಡಬೇಕಾದದ್ದು ದೀಪಾವಳಿ ಮುಗಿದ ಮೇಲೆ ಬಂತು, ಆ ಮಾತು ಬೇರೆ. ಅಲ್ಲಿಯವರೆಗೆ ನಾನು ಹಮಾಲರ ಟೆಂಪೋದಲ್ಲಿ ಅಪ್ಪನ ಜೊತೆ ಬೆಳಗಿನ ಜಾವವೇ ಹೋಗಿ, ಶಾಲೆಯ ಗೇಟು ತೆಗೆಯುವವರೆಗೆ ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಸುಗ್ಗಿ ಏರಿದಂತೆ ಟೆಂಪೋದಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಹೊಸ ಸೈಕಲ್, ಮುಂದೊಂದು ಬುಟ್ಟಿ, ಟ್ರಿಣ್ ಎನ್ನುವ ಗಂಟೆ. ಮೊದಲ ದಿನ ಅದನ್ನು ತುಳಿದುಕೊಂಡು ಊರ ಅಗಸಿ ಬಾಗಿಲಿನೊಳಗೆ ಬಂದಾಗ ನನಗೆ ನಾನೇ ಡೀಸಿ.

ನಮ್ಮ ಊರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಏಳನೆಯದರಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಗೆಳತಿಯರು ಮನೆಯಲ್ಲೇ ಉಳಿದಿದ್ದರು. ಗಂಡು ಹುಡುಗರು ಗುಂಪಾಗಿ ಹೊರಟು, ನನ್ನನ್ನು ದಾಟುವಾಗ ಬೇಕಂತಲೇ ಗಂಟೆ ಬಾರಿಸಿ, ಧೂಳೆಬ್ಬಿಸಿ ಮುಂದೆ ಹೋಗಿಬಿಡುತ್ತಿದ್ದರು. ಆಮೇಲೆ ರಸ್ತೆ ಪೂರ್ತಿ ನನ್ನದೇ. ಎರಡೂ ಕಡೆ ಮೆಣಸಿನಗಿಡದ ಹೊಲ, ಬಿಡಿಸಿ ಮುಗಿದ ಹತ್ತಿಯ ಹೊಲ. ನಾನು ನನ್ನಷ್ಟಕ್ಕೆ ಮಾತಾಡುತ್ತಿದ್ದೆ; ಟೀಚರ್ ಆಗಿ ಪ್ರಶ್ನೆ ಕೇಳಿ, ಹುಡುಗಿಯಾಗಿ ಉತ್ತರ ಹೇಳುತ್ತಿದ್ದೆ. ಬ್ಯಾಡಗಿ ಹತ್ತಿರವಾದಾಗ ರೈಲು ಕಂಡರೆ ಅದರ ಜೊತೆ ಪಂದ್ಯ ಕಟ್ಟುತ್ತಿದ್ದೆ. ಪಂದ್ಯ ನಡೆದದ್ದು ರೈಲಿಗೆ ಗೊತ್ತಿರಲಿಲ್ಲ, ಆದರೂ ಪ್ರತಿ ಸಲ ಅದೇ ಗೆಲ್ಲುತ್ತಿತ್ತು.

ಹೋಗಿ ಬರುವುದು ಸೇರಿದರೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಚಳಿಗಾಲ ಮುಗಿಯುವವರೆಗೆ ಹೇಗೋ ನಡೆಯಿತು. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರಿತು, ಬೆವರು ಹರಿಯಲು ಶುರುವಾಯಿತು. ಆ ಸೈಕಲ್ಲಿನ ಸೀಟು ಕಲ್ಲಿಗೆ ರೆಕ್ಸಿನ್ ಹೊದಿಸಿದಂತಿತ್ತು. ನಮಗೆ ಕೊಟ್ಟಿದ್ದ ಯೂನಿಫಾರ್ಮ್ ಚೂಡಿದಾರದ ಬಟ್ಟೆಗೆ ಬೆವರು ಹೀರುವ ಅಭ್ಯಾಸವೇ ಇರಲಿಲ್ಲ. ಅದರ ಎಲ್ಲ ಹೊಲಿಗೆಗಳೂ ಬಂದು ಸೇರುತ್ತಿದ್ದದ್ದು ಎರಡು ತೊಡೆಯ ನಡುವಿನ ಒಂದೇ ಜಾಗದಲ್ಲಿ. ಮೊದಲು ಚರ್ಮ ಕೆಂಪಾಯಿತು, ಆಮೇಲೆ ಸುಲಿಯಿತು. ಸಂಜೆ ಬಚ್ಚಲಿಗೆ ಹೋಗಿ ನೀರು ಹಾಕಿಕೊಂಡರೆ ಜೀವ ಬಾಯಿಗೆ ಬರುತ್ತಿತ್ತು.

ಇದು ಸೈಕಲ್ಲಿನಿಂದ ಆಗುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿದ್ದವರಲ್ಲಿ ಅಷ್ಟು ದೂರ ಸೈಕಲ್ ತುಳಿದ ಹೆಂಗಸರೂ ಇರಲಿಲ್ಲ. ನಾನು ಅದನ್ನು ನನಗೊಬ್ಬಳಿಗೇ ಬಂದ ರೋಗ ಎಂದು ತಿಳಿದೆ, ಅದೂ ಹೇಳಬಾರದ ಜಾಗದ ರೋಗ. ಆ ವರ್ಷವೇ ನಾನು ದೊಡ್ಡವಳಾಗಿದ್ದೆ. ಅದರ ಜೊತೆಗೆ ಬರುವ ಇನ್ನೊಂದು ಕಾಟ ಇರಬೇಕು ಎಂದು ಸುಮ್ಮನಿದ್ದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದೆ. ಬೆಳಿಗ್ಗೆ ಪೌಡರ್ ಹಾಕಿದೆ. ಊರು ದಾಟುವುದರೊಳಗೆ ಅದು ಬೆವರಿಗೆ ಕಲಸಿ ರೊಟ್ಟಿ ಹಿಟ್ಟಿನಂತೆ ಆಯಿತು. ಕರವಸ್ತ್ರ ಮಡಚಿ ಇಟ್ಟುಕೊಂಡರೆ ಅದು ಜಾರಿ ಎಲ್ಲೋ ಹೋಗುತ್ತಿತ್ತು. ಒಂದು ಕುಂಡೆಯ ಮೇಲೆ ಸ್ವಲ್ಪ ದೂರ, ಇನ್ನೊಂದರ ಮೇಲೆ ಸ್ವಲ್ಪ ದೂರ, ಪೆಡಲ್ ಮೇಲೆ ನಿಂತುಕೊಂಡು ಸ್ವಲ್ಪ ದೂರ. ಕ್ಲಾಸಿನಲ್ಲಿ ನಾನು ಮಿಸುಕಾಡುವುದನ್ನು ನೋಡಿ ಗಣಿತದ ಸರ್, "ಏನವಾ, ಬೆಂಚಿನಾಗ ಮುಳ್ಳು ಬೆಳದಾವೇನು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಕ್ಕದ ಮನೆಯಲ್ಲಿ ಮಾಬೂಬಿ ಚಾಚಿ ಇದ್ದಳು. ಅವಳೂ ಮಾರುಕಟ್ಟೆಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಅವ್ವನ ಜೀವದ ಗೆಳತಿ. ಅವಳಿಗೆ ಹೇಳಬಹುದಿತ್ತು. ಆದರೆ ಚಾಚಿಯ ಬಾಯಿ ಎಂದರೆ ಊರ ಡಂಗುರ. ಅವಳಿಗೆ ಹೇಳಿದ್ದು ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಗೊತ್ತಾಗಿ, ಮರುವಾರದ ಸಂತೆಯೊಳಗೆ ರಾಣೇಬೆನ್ನೂರು ಮುಟ್ಟುತ್ತದೆ. ಅತ್ತೆ ಬಂದು ನಿಲ್ಲುತ್ತಾಳೆ. ನಾನು ಹಲ್ಲು ಕಚ್ಚಿದೆ.

ಅಪ್ಪನಿಗೆ ಗೊತ್ತಾಗಿದ್ದು ಹೇಗೋ ತಿಳಿಯದು. ಒಂದು ಸಂಜೆ ನಾನು ನಲ್ಲಿಯಿಂದ ಕೊಡ ಹೊತ್ತು ಹೆಜ್ಜೆ ಅಗಲಿಸಿಕೊಂಡು ಬರುವುದನ್ನು ಕಟ್ಟೆಯ ಮೇಲೆ ಕೂತು ನೋಡಿದ. ಎದ್ದು ಹೋಗಿ ಸೈಕಲ್ಲಿನ ಸೀಟನ್ನು ಹೆಬ್ಬೆರಳಿನಿಂದ ಒತ್ತಿದ. "ಗಟ್ಟಿ ಐತಿ," ಅಂದ, ನನಗಲ್ಲ, ಸೀಟಿಗೆ.

ಮರುದಿನ ಮಾರುಕಟ್ಟೆಯಿಂದ ಒಂದು ಹಳೆಯ ಗೋಣಿಚೀಲ ತಂದ. ರವಿವಾರ ಅದನ್ನು ಹಳ್ಳಕ್ಕೆ ಒಯ್ದು ಕಲ್ಲಿಗೆ ಬಡಿದು ಒಗೆದ. ಇಡೀ ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ, ನಡುನಡುವೆ ಹೋಗಿ ಮಗುಚಿ ಬಂದ. ಸಂಜೆ ಅದನ್ನು ಸೀಟಿನ ಅಳತೆಗೆ ಕತ್ತರಿಸಿ, ಒಳಗೆ ಅರಳೆ ತುಂಬಿ, ದಬ್ಬಣ ಹಿಡಿದು ಕೂತ. ಅವನಿಗೆ ಬರುತ್ತಿದ್ದದ್ದು ಒಂದೇ ಹೊಲಿಗೆ. ಅದೇ ಹೊಲಿಗೆ, ಅದೇ ಗಂಟು, ಮೂಲೆಗೆ ಅದೇ ಕಿವಿ. ಹೊಲಿದು ಮುಗಿದಾಗ ಸೈಕಲ್ ಮೇಲೆ ಒಂದು ಮರಿ ಮೆಣಸಿನಕಾಯಿ ಚೀಲ ಕೂತಂತೆ ಕಾಣುತ್ತಿತ್ತು.

"ಕುಂದ್ರು," ಅಂದ.

ಕೂತೆ.

"ಹೆಂಗೈತಿ?"

"ಮೆತ್ತಗೈತಿ ಅಪ್ಪಾ."

ಅಪ್ಪ ನಕ್ಕ. ಅವ್ವ ಹೋದ ಮೇಲೆ ಅವನು ಹಾಗೆ ಹಲ್ಲು ಕಾಣುವಂತೆ ನಕ್ಕದ್ದು ನಾನು ನೋಡಿರಲಿಲ್ಲ.

ಮರುದಿನ ಅರ್ಧ ದಾರಿಯವರೆಗೆ ನಾನು ಮಹಾರಾಣಿ. ಆಮೇಲೆ ಬೆವರು ಬಂತು. ಗಾಯದ ಮೇಲೆ ಉಪ್ಪು ಸವರಿದಂತೆ ಎಂದು ಮಂದಿ ಹೇಳುತ್ತಾರೆ. ಆ ಗಾದೆ ಕಟ್ಟಿದವರು ಬ್ಯಾಡಗಿ ಕಡೆಯವರಲ್ಲ. ಉರಿ ಎಂದರೆ ಅಂಥಿಂಥ ಉರಿಯಲ್ಲ. ಮೊದಲು ನನ್ನ ರೋಗವೇ ಹೆಚ್ಚಾಯಿತು ಎಂದುಕೊಂಡೆ. ಒಂದು ಹುಣಸೆ ಮರದ ಕೆಳಗೆ ಇಳಿದು, ಸೀಟಿನ ಮೇಲೆ ಕೈಯೂರಿ ನಿಂತು ಸುಧಾರಿಸಿಕೊಂಡು, ಕಣ್ಣಿನ ಬೆವರು ಒರೆಸಿಕೊಂಡೆ. ಕಣ್ಣು ಧಗ್ ಎಂದಿತು. ಆಗ ತಿಳಿಯಿತು. ಎಷ್ಟು ಒಗೆದರೂ ಗೋಣಿಯ ಎಳೆಗಳ ನಡುವೆ ಖಾರ ಉಳಿದಿತ್ತು. ಅಪ್ಪ ಮೂಸಿ ನೋಡಿಯೇ ಹೊಲಿದಿದ್ದ. ಆದರೆ ಇಪ್ಪತ್ತು ವರ್ಷ ಮೆಣಸಿನಕಾಯಿ ರಾಶಿಯ ನಡುವೆ ಕೂತ ಮೂಗಿಗೆ ಅದು ಹತ್ತಬೇಕಾದರೂ ಹೇಗೆ? ನನ್ನ ಮೂಗಿಗೂ ಹತ್ತಿರಲಿಲ್ಲ.

ಬಿಚ್ಚಿ ಬುಟ್ಟಿಯಲ್ಲಿ ಇಟ್ಟುಕೊಂಡು, ಊರ ಹತ್ತಿರ ಮತ್ತೆ ಕಟ್ಟಿದರಾಯಿತು ಎಂದು ನೋಡಿದೆ. ಅಪ್ಪನ ಗಂಟು, ಎಲ್ಲಿ ಬಿಚ್ಚುತ್ತದೆ! ಉಗುರು ಮುರಿಯಿತು ಅಷ್ಟೇ. ಹೇಳಿಬಿಡೋಣವೆಂದರೆ, ಸಂಜೆ ಅಪ್ಪ ಬಂದವನೇ ಕಾಲು ತೊಳೆಯುವ ಮೊದಲು ಸೀಟು ಮುಟ್ಟಿ ನೋಡಿ, "ಹೆಂಗಾತು ಇವತ್ತ?" ಎಂದು ಕೇಳುತ್ತಿದ್ದ. ಎರಡು ವರ್ಷದಲ್ಲಿ ಉಪ್ಪಿನ ಮಾತು ಬಿಟ್ಟು ಅವನು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ. "ಛಲೋ ಆತು ಅಪ್ಪಾ," ಅನ್ನುತ್ತಿದ್ದೆ. ಹಾಗೆ ಅಂದರೆ ಅವನ ಮುಖ ಅರಳುತ್ತಿತ್ತು. ಆ ಮುಖ ಕಾಣಲು ನಾನು ಆ ವಾರ ಪೂರ್ತಿ ಆ ಸೀಟಿನ ಮೇಲೆ ಉರಿದೆ.

ಶನಿವಾರ ಆಗಲಿಲ್ಲ. ಶಾಲೆ ಅರ್ಧ ದಿನ. ಮಧ್ಯಾಹ್ನದ ಬಿಸಿಲಲ್ಲಿ ಹೊರಟು, ಬ್ಯಾಡಗಿ ದಾಟಿದೊಡನೆ ಇಳಿದುಬಿಟ್ಟೆ. ದಾರಿಯುದ್ದಕ್ಕೂ ಸೈಕಲ್ ನೂಕಿಕೊಂಡು ಕಾಲು ಅಗಲಿಸಿ ನಡೆದೆ, ಯಾರಾದರೂ ಎದುರು ಬಂದರೆ ನಿಂತು ಚೈನು ನೋಡಿದಂತೆ ಮಾಡಿದೆ. ಒಂದೆರಡು ಕಡೆ ಅತ್ತುಬಿಟ್ಟೆ. ಅವ್ವನ ಮೇಲೆ ಸಿಟ್ಟು ಬಂತು, ಯಾಕೆ ಹೋದಳು ಅಂತ. ಸಂಜೆಯಾಗುವಾಗ ಊರ ಅಗಸಿ ಮುಟ್ಟಿದೆ. ಅದೇ ಹೊತ್ತಿಗೆ ಹಮಾಲರ ಟೆಂಪೋ ಬಂದು ನಿಂತು, ಅಪ್ಪ ಇಳಿದ.

"ಯಾಕವಾ, ನಡಕೋತ ಬಂದಿ?"

"ಪಂಚರ್ ಆಗೇತಿ ಅಪ್ಪಾ."

ಅಪ್ಪ ಬಾಗಿ ಮುಂದಿನ ಗಾಲಿ ಒತ್ತಿದ. ಹಿಂದಿನ ಗಾಲಿ ಒತ್ತಿದ. ಎರಡೂ ಕಲ್ಲಿನಂತೆ ಗಟ್ಟಿಯಿದ್ದವು. ಕೈ ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ. ಸೈಕಲ್ಲಿನ ಹ್ಯಾಂಡಲ್ ನನ್ನ ಕೈಯಿಂದ ತೆಗೆದುಕೊಂಡು, "ನಡಿ," ಅಂದ. ಮನೆಯವರೆಗೆ ಸೈಕಲ್ ಅವನೇ ನೂಕಿದ.

ಸೋಮವಾರ ಬೆಳಿಗ್ಗೆ ಅಪ್ಪ ಧೋತರ ಎತ್ತಿ ಕಟ್ಟಿ ಸೈಕಲ್ ಹೊರಗೆ ತೆಗೆದ. "ಇವತ್ತ ನೀ ಟೆಂಪೋದಾಗ ಹೋಗು. ಸೈಕಲ್ ನಾ ಒಯ್ತೇನಿ," ಅಂದ. ಯಾಕೆ ಅಂತ ಕೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಹುರಿ ಮೀಸೆಯ ಮನುಷ್ಯ ಹುಡುಗಿಯರ ಬುಟ್ಟಿ ಸೈಕಲ್ ತುಳಿದುಕೊಂಡು ಹೋಗುವುದನ್ನು ಟೆಂಪೋದಲ್ಲಿ ಇದ್ದ ಹಮಾಲರು ಕಂಡರು. "ಏ, ಯಾವ ಹೈಸ್ಕೂಲೋ ನಿಂದು?" ಎಂದು ಕೂಗಿದರು. ಅಪ್ಪ ತಲೆ ಎತ್ತಲಿಲ್ಲ, ತುಳಿದ.

ಆವತ್ತೇ ಅತ್ತೆ ಬರಬೇಕೆ! ನಾನು ಶಾಲೆ ಬಿಟ್ಟು ಟೆಂಪೋ ಹಿಡಿದು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಚುರುಮುರಿ ಚೀಲ ಇಟ್ಟುಕೊಂಡು ಕೂತಿದ್ದಳು. ಒಳಗೆ ಬಂದವಳು ನನ್ನ ಗದ್ದ ಹಿಡಿದೆತ್ತಿದಳು.

"ಮಾರಿ ಒಣಗೇತಲ್ಲ. ಸೈಕಲ್ ನೀಗವಲ್ದೇನು?"

"ನೀಗ್ತೈತಿ ಅತ್ತಿ."

"ಖರೇ ಹೇಳು. ಎಲ್ಲೆರೆ ನೋಯಾಕತ್ತೈತೇನು?"

ಎರಡು ವರ್ಷದಲ್ಲಿ ಒಬ್ಬ ಹೆಂಗಸು ನನ್ನ ಗದ್ದ ಹಿಡಿದು ಆ ಮಾತು ಕೇಳಿದ್ದು ಅದೇ ಮೊದಲು. ಹೇಳಿದರೆ ಅತ್ತೆ ಅಪ್ಪಿಕೊಳ್ಳುತ್ತಿದ್ದಳು, ಎಣ್ಣೆ ಹಚ್ಚುತ್ತಿದ್ದಳು, ಮರುದಿನ ನನ್ನ ಬಟ್ಟೆ ಗಂಟು ಕಟ್ಟುತ್ತಿದ್ದಳು. ಮೂರೂ ನನಗೆ ಗೊತ್ತಿತ್ತು. ಆದರೂ ಹೇಳಿಬಿಡುತ್ತಿದ್ದೆ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು.

ಅಪ್ಪ ಬಂದಿದ್ದ. ಸೈಕಲ್ ನೂಕಿಕೊಂಡು ಬಂದಿದ್ದ. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಡುತ್ತ, ಹಣೆಯ ಮೇಲೆಲ್ಲ ಬೆವರು ಹನಿಸುತ್ತ ಮೆಟ್ಟಿಲು ಹತ್ತಿದ.

ಅತ್ತೆ ಬೆರಗಾದಳು. "ಯಾಕೋ, ಸೈಕಲ್ ಇದ್ದೂ ನಡಕೋತ ಬಂದೀ? ಅದೆಂಥಾ ನಡಿಗಿ ಅದು?"

"ಪಂಚರ್ ಆಗೇತಿ," ಅಂದ ಅಪ್ಪ.

ಅತ್ತೆಗೆ ಅಂದ, ಆದರೆ ನೋಡಿದ್ದು ನನ್ನನ್ನು. ನಾನು ಅಡುಗೆಮನೆಗೆ ಓಡಿಹೋದೆ. ಅಲ್ಲಿ ಸೆರಗಿಲ್ಲದ್ದಕ್ಕೆ ದುಪಟ್ಟಾವನ್ನೇ ಬಾಯಿಗೆ ತುರುಕಿಕೊಂಡು ನಕ್ಕೆ, ನಗುನಗುತ್ತಲೇ ಅತ್ತುಬಿಟ್ಟೆ. ಬಚ್ಚಲಿನಲ್ಲಿ ಅಪ್ಪ ನೀರು ಸುರಿದುಕೊಳ್ಳುವ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಡುವೆ ಒಮ್ಮೆ, "ಅಯ್ಯಯ್ಯಯ್ಯೋ," ಎಂಬ ಸಣ್ಣ ದನಿಯೂ ಕೇಳಿತು. "ಏನಾತೋ?" ಎಂದು ಅತ್ತೆ ಕೂಗಿದಳು. "ನೀರು ಬಿಸಿ ಆಗ್ಯಾವು," ಅಂದ. ಒಲೆ ಹಚ್ಚಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅತ್ತೆ ಹೊರಡುವಾಗ, "ಪರೀಕ್ಷಾ ಮುಗೀಲಿ, ಬಂದು ಕರಕೊಂಡು ಹೋಗ್ತೇನಿ," ಅಂದಳು. ಅಪ್ಪ, "ಬ್ಯಾಡಕ್ಕಾ. ಆಕಿಗೆ ಸೈಕಲ್ ನೀಗ್ತೈತಿ," ಅಂದ. ಅಕ್ಕನಿಗೆ ಬೇಡ ಎಂದು ಅವನು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಅವನನ್ನೇ ತಿರುಗಿ ತಿರುಗಿ ನೋಡುತ್ತ ಬಸ್ ಹತ್ತಿದಳು.

ಮನೆಗೆ ಬಂದು ಅಪ್ಪ ಚಾಕು ತೆಗೆದುಕೊಂಡು ತನ್ನ ಹೊಲಿಗೆಯನ್ನು ತಾನೇ ಕೊಯ್ದ.

"ಇದರಾಗ ಖಾರ ಉಳದಿತ್ತು," ಅಂದ. ಸ್ವಲ್ಪ ಹೊತ್ತಿನ ಮೇಲೆ, "ನನಗ ವಾಸನಿ ಹತ್ತಲಿಲ್ಲವಾ," ಅಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಯಾಕ ಹೇಳಲಿಲ್ಲ?"

"ನೀ ಹೊಲದಿದ್ಯಲ್ಲ."

ಅಪ್ಪ ಗೋಣಿಯ ತುಂಡನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದ. ಆಮೇಲೆ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ಚಾಚಿಯ ಮನೆ ಕಡೆ ಹೋದ.

ನಮ್ಮ ಹಿತ್ತಲಿನ ಗೋಡೆಗೂ ಅವಳ ಹಿತ್ತಲಿಗೂ ಅಂತರವೇ ಇಲ್ಲ. ನಾನು ಗೋಡೆಗೆ ಕಿವಿ ಕೊಟ್ಟೆ.

"ಅಕ್ಕಾ, ನಿಮ್ಮ ಆಡು ಮರಿ ಹಾಕೇತೇನ್ರಿ?"

"ಹಾಕಿ ಎಂಟ ದಿನಾತಲ್ಲಪಾ. ನೀನ ನೋಡಿದ್ಯಲ್ಲ."

"ಹೌದ್ರಿ. ನೋಡಿದ್ದೆ." ಅಪ್ಪ ಕೆಮ್ಮಿದ. "ಬಿಸಲು ಭಾಳ ಐತಿ ಈ ಸರ್ತಿ."

"ಐತಿ."

"ಮಳಿ ಲಗೂ ಬರ್ಬೇಕು."

"ಅರೆ, ಏನ್ ಬೇಕಾಗೇತಿ ಹೇಳಪಾ. ಸಕ್ರಿ ಬೇಕೇನು?"

ಅಪ್ಪ ಎದ್ದು ಬಂದನೇನೋ ಅಂದುಕೊಂಡೆ. ಆಮೇಲೆ ಅವನ ದನಿ ಬಂತು, ಅರ್ಧ ಗಂಟಲಲ್ಲೇ ಉಳಿಯುವ ದನಿ.

"ಹುಡುಗಿಗೆ ಸೈಕಲ್ ಮ್ಯಾಲ ಕುಂತು ಕುಂತು ಕಾಲಾಗ ಹರದೈತ್ರಿ ಅಕ್ಕಾ. ನಾ ಗಂಡಸು, ಹೆಂಗ ಕೇಳಲಿ? ಆಕಿ ಅವ್ವ ಇದ್ದಿದ್ರ ನಿಮ್ಮ ಮುಂದ ಬರ್ತಿರಲಿಲ್ಲ."

ಚಾಚಿ ತಕ್ಷಣ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದದ್ದೇ ಒಂದು ಸೋಜಿಗ. "ನೀ ಮಾರ್ಕೆಟ್ಟಿಗಿ ಹೋಗು. ನಾ ನೋಡ್ಕೋತೇನಿ," ಅಂದಳು.

ಅವಳು ಬಂದು ಬಾಗಿಲು ಹಾಕಿ, ನನ್ನನ್ನು ನೋಡಿ, ಹಣೆ ಚಚ್ಚಿಕೊಂಡಳು. "ಹಾಯ್ ಅಲ್ಲಾ, ಇಷ್ಟು ದಿನಾ ಸುಮ್ನ ಇದ್ಯಾ? ಇದೇನು ಹೊಸ ಬ್ಯಾನಿ ಅಲ್ಲ ಬೇಟಿ. ಸೈಕಲ್ ತುಳಿಯೋರಿಗೆಲ್ಲಾ ಆಗೂದ. ನಿಮ್ಮ ಚಾಚಾಗ ಆಗಿರಲಿಲ್ಲೇನು?" ಚಾಚಾ, ಅವಳ ಗಂಡ, ಆಗಲೇ ತೀರಿಹೋಗಿದ್ದ, ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಕರ್ಜಗಿ, ದೇವರಗುಡ್ಡ ಎಂದು ಊರೂರು ಸುತ್ತಿ ಮಾರಿದವನು. ಸೈಕಲ್ ತುಳಿಯುವವರಿಗೆಲ್ಲ ಆಗುತ್ತದೆ. ನನಗೊಬ್ಬಳಿಗೇ ಅಲ್ಲ. ಆ ಮಾತು ಕೇಳಿದ ಮೇಲೆ ಅರ್ಧ ನೋವು ಅಲ್ಲೇ ಇಳಿಯಿತು. ಖರೇ ಹೇಳುತ್ತೇನೆ, ಆಮೇಲೆ ಆಸ್ಪತ್ರೆಗಳಲ್ಲಿ ತೆಗೆದುಕೊಂಡ ಯಾವ ಔಷಧವೂ ಅಷ್ಟು ಬೇಗ ಹತ್ತಿಲ್ಲ.

ಗಾಯ ಒಣಗುವವರೆಗೆ ಸೈಕಲ್ ಮುಟ್ಟಬಾರದು ಅಂದಳು. ಅಪ್ಪನ ಹಳೆಯ ಧೋತರ, ಒಗೆದೊಗೆದು ಬೆಣ್ಣೆಯಂತಾದದ್ದು, ಹರಿದು ಒಳಗೆ ಹಾಕುವ ಚಡ್ಡಿ ಹೊಲಿದಳು. ತೊಡೆಯ ನಡುವೆ ಹೊಲಿಗೆಯೇ ಬರದಂತೆ ಬಟ್ಟೆ ಮಡಚಿದಳು, ಉಳಿದ ಹೊಲಿಗೆಯನ್ನೆಲ್ಲ ಹೊರಮಗ್ಗಲಿಗೆ ತಿರುಗಿಸಿದಳು. ಎಣ್ಣೆ ರಾತ್ರಿ ಅಲ್ಲ, ಹೊರಡುವ ಮೊದಲು ಹಚ್ಚಬೇಕು. "ಅದಕ್ಕೂ ಮದಲ ಕಡ್ಲಿ ಹಿಟ್ಟು ಹಚ್ಚಿ ಕೈ ತೊಳಕೋ. ಖಾರ ಮುಟ್ಟೂ ನಮ್ಮ ಮಂದಿ ಕೈ ನಂಬಂಗಿಲ್ಲ." ಮನೆಗೆ ಬಂದೊಡನೆ ಬೆವರಿನ ಬಟ್ಟೆ ಬಿಚ್ಚಿ, ತೊಳೆದು, ಒಣಗಿಸಿಕೊಳ್ಳಬೇಕು. ಪೌಡರಿನ ಡಬ್ಬಿಯನ್ನು ಕಂಡು, "ಇದು ಮಾರೀಗಿ," ಎಂದು ತೆಗೆದಿಟ್ಟಳು.

ಸಂಜೆ ಅಪ್ಪ ಬಂದಾಗ ಗೋಡೆಯ ಆ ಕಡೆಯಿಂದಲೇ ಹುಕುಂ ಕೊಟ್ಟಳು. "ಸೀಟು ಎತ್ತರ ಆಗೇತಿ ನೋಡು. ಎತ್ತರ ಇದ್ರ ಸೊಂಟ ಆ ಕಡಿ ಈ ಕಡಿ ಹೊಳ್ಳತೈತಿ, ತೊಡಿ ತಿಕ್ಕತಾವು. ಮೂತಿ ಬ್ಯಾರೆ ಮ್ಯಾಲ ನೋಡಾಕತ್ತೈತಿ. ಇಳಸು ಅದನ್ನ." ಅಪ್ಪ ಪಾನಾ ತಂದು ನಟ್ಟು ಸಡಿಲಿಸಿ ಸೀಟು ಇಳಿಸಿದ, ಅದರ ಮೂತಿ ಸಮ ಮಾಡಿದ. ಅವಳು ಸರಿ ಅನ್ನುವವರೆಗೆ ಮಾಡಿದ.

ಚಾಚಿಯ ಬಾಯಿಗೆ ನಾನು ಹೆದರಿದ್ದೆನಲ್ಲ, ಆ ಮಾತು ಅವಳಿಂದ ಯಾರಿಗೂ ಹೋಗಲಿಲ್ಲ. ಊರ ಸುದ್ದಿಯನ್ನೆಲ್ಲ ಹಂಚುತ್ತಿದ್ದವಳು ಇದೊಂದನ್ನು ನುಂಗಿಕೊಂಡು ಬದುಕಿದಳು.

ಒಂದೂವರೆ ವಾರ ಬಿಟ್ಟು ಮತ್ತೆ ಸೈಕಲ್ ಹತ್ತಿದೆ. ಕದರಮಂಡಲಗಿ ದಾಟಿದೆ, ಹುಣಸೆ ಮರ ದಾಟಿದೆ, ಇನ್ನೇನು ನೋವು ಬರುತ್ತದೆ ಎಂದು ಕಾಯುತ್ತ ಕಾಯುತ್ತ ಬ್ಯಾಡಗಿಯೇ ಬಂದುಬಿಟ್ಟಿತು. ಪರೀಕ್ಷೆ ಬರೆದೆ, ಪಾಸಾದೆ. ಹತ್ತನೆಯದರವರೆಗೆ ಅದೇ ಸೈಕಲ್, ಅದೇ ದಾರಿ, ಒಬ್ಬಳೇ. ಅತ್ತೆ ಬಂದಾಗೆಲ್ಲ ಚುರುಮುರಿ ತಂದಳು, ಕರೆದುಕೊಂಡು ಹೋಗುವ ಮಾತು ಮತ್ತೆ ಎತ್ತಲಿಲ್ಲ. ಅಪ್ಪನೂ ನಾನೂ ಆ ವಿಷಯ ಇನ್ನೊಮ್ಮೆ ಆಡಲೇ ಇಲ್ಲ.

ಈಗ ನಾನು ಹಾವೇರಿಯಲ್ಲಿ ಇದ್ದೇನೆ. ಒಂದು ಕಚೇರಿಯಲ್ಲಿ ಕೆಲಸ, ಒಬ್ಬಳೇ ಇರುವ ಬಾಡಿಗೆ ಮನೆ, ಒಂದು ಸ್ಕೂಟರ್. ರವಿವಾರ ಬೆಳಿಗ್ಗೆ ಹೈವೇಯಲ್ಲಿ ಹೆಲ್ಮೆಟ್ ಹಾಕಿದವರ ಸೈಕಲ್ ಸಾಲು ಹೋಗುತ್ತದೆ, ಗಂಡಸರು ಹೆಂಗಸರು ಎಲ್ಲರೂ. ಒಳಗೆ ಮೆತ್ತೆ ಇರುವ ಚಡ್ಡಿ, ಹಚ್ಚಿಕೊಳ್ಳುವ ಕ್ರೀಮು ಎಲ್ಲ ಅಂಗಡಿಯಲ್ಲೇ ಸಿಗುತ್ತದೆ. ನನ್ನ ಸಹೋದ್ಯೋಗಿಯ ಮಗಳು, ಎಂಟನೆಯದರಲ್ಲಿ ಓದುವವಳು, ಎಲ್ಲರ ಎದುರಿಗೇ, "ಮಮ್ಮಿ, ಸೀಟು ತಿಕ್ಕಿ ಉರೀತದ," ಅನ್ನುತ್ತಾಳೆ. ತಾಯಿ ಫೋನಿನಲ್ಲಿ ಹುಡುಕಿ, ಹೊಸ ಸೀಟು ತರಿಸುತ್ತಾಳೆ. ಒಳ್ಳೆಯದೇ ಆಯಿತು. ಯಾವ ಹುಡುಗಿಯೂ ನನ್ನಂತೆ ಉರಿಯುವುದು ಬೇಡ. ಮಾರುಕಟ್ಟೆಯಲ್ಲೂ ಈಗ ಚೀಲದ ಬಾಯಿಯನ್ನು ಕೈಮೆಷಿನ್ ಹೊಲಿಯುತ್ತದೆ, ಗುರ್ ಎಂದರೆ ಮುಗಿಯಿತು. ಚಾಚಿ ಇಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು.

ಕಳೆದ ಮಳೆಗಾಲದಲ್ಲಿ ಕಚೇರಿಯ ಮೆಟ್ಟಿಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡೆ. ಎಲ್ಲರೂ ಕೇಳಿದರು. "ಏನಾತ್ರಿ ಮೇಡಂ? ದವಾಖಾನಿಗಿ ಹೋಗೂಣೇನ್ರಿ?" ಒಳ್ಳೆಯ ಮಂದಿ. ಕಡಿಮೆಯಾಗಿದೆ ಅಂದೆ. ಅವರು ನಂಬಿದರು, ಯಾಕೆ ನಂಬಬಾರದು? ಅವರ ಮುಂದೆ ನೆಟ್ಟಗೆ ನಡೆದು ತೋರಿಸಿದೆ. ಸಂಜೆ ಮನೆಗೆ ಬಂದು, ಬೀಗ ತೆಗೆದು, ಲೈಟು ಹಚ್ಚಿ, ಒಳಗೆ ಅಡ್ಡಾಡಿದೆ. ಆ ಮನೆಯಲ್ಲಿ ನೋವನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಎಷ್ಟು ಬೇಕಾದರೂ ಕುಂಟಬಹುದಿತ್ತು. ಕುಂಟಿದೆ.